ಮೂರು ಮಳೆಗಾಲ ಕಂಡ ಜಾಗರ್ಸ್: 3,799 ರೂಪಾಯಿ ಕೊಡಬಹುದಾ?

ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗಿಸುವುದೇ ಒಂದು ದೊಡ್ಡ ಕೆಲಸ. ಜೀನ್ಸ್ ಒಗೆದು ಹಾಕಿದರೆ ಮೂರು ದಿನ ಹಗ್ಗದ ಮೇಲೆ ನೇತಾಡುತ್ತದೆ. ನಾಲ್ಕನೇ ದಿನ ಮುಟ್ಟಿ ನೋಡಿದರೂ ಜೇಬಿನೊಳಗೆ, ಸೊಂಟದ ದಪ್ಪ ಹೊಲಿಗೆಯಲ್ಲಿ ತಣ್ಣಗೆ ಪಸೆ ಕೈಗೆ ಹತ್ತುತ್ತದೆ. ಆಮೇಲೆ ಹಾಕಿಕೊಂಡರೆ ದಿನವಿಡೀ ಮುಗ್ಗಲು ವಾಸನೆ. ಈ ಕಾಟಕ್ಕೆ ಸಾಕಾಗಿಯೇ ಎರಡು ವರ್ಷ ಮೂರು ತಿಂಗಳ ಹಿಂದೆ ತಿಳಿ ಬೂದು ಬಣ್ಣದ ಒಂದು ದುಬಾರಿ ಜಾಗರ್ಸ್ ಪ್ಯಾಂಟ್ ಆನ್‌ಲೈನ್‌ನಲ್ಲಿ ತರಿಸಿದೆ. ಬೆಲೆ 3,799. ಬಟ್ಟೆ 88 ಭಾಗ ಪಾಲಿಯೆಸ್ಟರ್, 12 ಭಾಗ ಎಲಾಸ್ಟೇನ್, ಅಂದರೆ ರಬ್ಬರಿನಂತೆ ಹಿಗ್ಗುವ ನೂಲು. ವಾರಕ್ಕೆ ನಾಲ್ಕು ದಿನದ ಲೆಕ್ಕದಲ್ಲಿ ಹಾಕಿದ್ದೇನೆ. ಮಗಳನ್ನು ಸ್ಕೂಲ್ ಬಸ್ಸಿಗೆ ಬಿಡಲು, ಬ್ಯಾಂಕಿಗೆ, ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರಲು, ಸಂಜೆ ರಾಜಾಸೀಟ್ ಕಡೆ ನಡೆಯಲು, ಎಲ್ಲಕ್ಕೂ ಅದೇ.

ಅತ್ತೆ ಮೊದಲ ದಿನವೇ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, “ಇಷ್ಟು ತೆಳು ಬಟ್ಟೆಗೆ ಅಷ್ಟು ದುಡ್ಡಾ? ಸಂತೇಲಿ ಐದು ಬರ್ತಿತ್ತಲ್ಲ” ಅಂದಿದ್ದರು. ಅವರ ಮಾತು ತೆಗೆದುಹಾಕುವಂಥದ್ದಲ್ಲ. ಅದಕ್ಕೇ ಶುಕ್ರವಾರದ ಸಂತೆಯಿಂದ 550 ರೂಪಾಯಿಯ ಒಂದನ್ನೂ ತಂದು ಹಾಕಿ ನೋಡಿದೆ. ಅದು ಎಂಟು ತಿಂಗಳು ಬಂತು. ಲೆಕ್ಕ ಹಾಕಿದರೆ ಸಂತೆಯದ್ದು ಒಂದು ಸಲ ತೊಟ್ಟಿದ್ದಕ್ಕೆ ಸುಮಾರು ನಾಲ್ಕು ರೂಪಾಯಿ, ದುಬಾರಿಯದ್ದು ಇವತ್ತಿನವರೆಗೆ ಎಂಟು ರೂಪಾಯಿ ಚಿಲ್ಲರೆ. ಹಾಗಾಗಿ “ದುಬಾರಿ ತಗೊಂಡ್ರೆ ಕೊನೆಗೆ ಉಳಿತಾಯವೇ” ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನನ್ನ ಲೆಕ್ಕದಲ್ಲಂತೂ ಉಳಿದಿಲ್ಲ. ಆ ಹೆಚ್ಚಿನ ನಾಲ್ಕು ರೂಪಾಯಿಗೆ ಏನು ಸಿಕ್ಕಿತು ಎಂಬುದೇ ಪ್ರಶ್ನೆ.

ಒಣಗುವುದರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಪಾಲಿಯೆಸ್ಟರ್ ನೂಲು ನೀರನ್ನು ಒಳಗೆ ಎಳೆದುಕೊಳ್ಳುವುದೇ ಇಲ್ಲ ಅನ್ನಬಹುದು. ಗಾಳಿಯ ತೇವದಿಂದ ಹತ್ತಿ ತನ್ನ ತೂಕದ ಶೇ. 8ರಷ್ಟು ಹೀರಿಕೊಂಡರೆ ಪಾಲಿಯೆಸ್ಟರ್ ಶೇ. 0.4ರಷ್ಟು ಮಾತ್ರ. ರಾತ್ರಿ ಒಗೆದು, ಒಣ ಟವೆಲಿನಲ್ಲಿ ಸುತ್ತಿ ಹಿಂಡಿ, ಜಗಲಿಯಲ್ಲಿ ಹಾಕಿದರೆ ಜುಲೈ ತಿಂಗಳಲ್ಲೂ ಬೆಳಿಗ್ಗೆ ತೊಡಲು ಸಿದ್ಧ. ಈ ಒಂದು ಗುಣಕ್ಕಾಗಿ ಮಾತ್ರ ಹುಡುಕುತ್ತಿದ್ದರೆ ಸಂತೆಯದ್ದೇ ಸಾಕು.

ವ್ಯತ್ಯಾಸ ಕಾಣುವುದು ಮಂಡಿಯಲ್ಲಿ. ಸಂತೆಯ ಜಾಗರ್ಸ್ ಎರಡೇ ತಿಂಗಳಲ್ಲಿ ಮಂಡಿ ಹತ್ತಿರ ಜೋತುಬಿತ್ತು. ಎದ್ದು ನಿಂತರೂ ಇನ್ನೂ ಕುಳಿತೇ ಇದ್ದೇನೇನೋ ಅನ್ನುವ ಹಾಗೆ ಉಬ್ಬು. ತೊಡೆ ಸಂದಿಯಲ್ಲಿ ಸಣ್ಣ ಸಣ್ಣ ಉಂಡೆಗಳೆದ್ದವು. ದುಬಾರಿಯದ್ದು ಒಂದೂವರೆ ವರ್ಷ ಆಕಾರ ಬಿಡಲಿಲ್ಲ. ಇನ್ನೊಂದು, ಜೇಬು. ಫೋನ್ ಪೂರ್ತಿ ಒಳಗೆ ಹೋಗುವ, ಜಿಪ್ ಇರುವ ಎರಡು ಜೇಬು. ಸ್ಕೂಟರ್ ಮೇಲೆ ಮಳೆಯಲ್ಲಿ ಹೋಗುವ ಹೆಂಗಸರಿಗೆ ಇದರ ಬೆಲೆ ಗೊತ್ತು. ನನಗೆ ಆ ನಾಲ್ಕು ರೂಪಾಯಿ ಇಲ್ಲೇ ವಸೂಲಾಯಿತು.

ಕೊಡಗಿನ ಮಳೆಗಾಲದ ಹಬ್ಬ ಕಕ್ಕಡ ಹದಿನೆಂಟರ ದಿನ ಮದ್ದು ಸೊಪ್ಪಿನ ನೇರಳೆ ಪಾಯಸ ಬಡಿಸುವಾಗ ಒಂದು ಸೌಟು ತೊಡೆಯ ಮೇಲೆ ಚೆಲ್ಲಿತು. ಆ ನೇರಳೆ ಬಣ್ಣ ಹತ್ತಿ ಬಟ್ಟೆಗೆ ಹತ್ತಿದರೆ ಬಿಡುವುದು ಅಷ್ಟರಲ್ಲೇ ಇದೆ. ಈ ಜಾಗರ್ಸ್‌ನಿಂದ ತಣ್ಣೀರಿನ ನಲ್ಲಿ ಕೆಳಗೆ ಹಿಡಿದ ಕೂಡಲೇ ಇಳಿದುಹೋಯಿತು. ಸೊಂಟದ ಲಾಡಿ ಮಾತ್ರ ಹತ್ತಿಯದ್ದು, ಬಿಳಿ. ಅದರ ಒಂದು ತುದಿ ಇವತ್ತಿಗೂ ನೇರಳೆ.

ಈಗ ಕೆಟ್ಟದ್ದು. ಕಳೆದ ವರ್ಷ ಆಗಸ್ಟ್‌ನಲ್ಲಿ ತುರ್ತಿಗೆಂದು ನೀರೊಲೆಯ ಮೇಲಿನ ಗಳುವಿನಲ್ಲಿ ಒಣಗಿಸಿದೆ, ನಾಲ್ಕೈದು ಸಲ. ಬಿಸಿ ತಾಗಿದರೆ ಎಲಾಸ್ಟೇನ್ ಸತ್ತ ಹಾಗೆ. ಸೊಂಟದ ಪಟ್ಟಿಯ ಹಿಂಭಾಗ ಅಲೆ ಅಲೆಯಾಗಿ ಸುರುಟಿತು, ಮತ್ತೆ ಸರಿಹೋಗಲಿಲ್ಲ. ತಪ್ಪು ನನ್ನದೇ, ಲೇಬಲ್ಲಿನಲ್ಲಿ ಬಿಸಿ ಬೇಡ ಎಂದು ಬರೆದೇ ಇತ್ತು. ಆದರೆ ಮಳೆಗಾಲದಲ್ಲಿ ಬಟ್ಟೆ ಒಲೆಯ ಮೇಲೆ ಹಾಕುವುದು ನಮ್ಮ ಕಡೆ ಮನೆಮನೆಯ ರೂಢಿ, ಅದಕ್ಕೇ ಎಚ್ಚರಿಸುತ್ತಿದ್ದೇನೆ.

ಬೆವರಿನ ವಾಸನೆ ಪಾಲಿಯೆಸ್ಟರ್‌ನಲ್ಲಿ ಹತ್ತಿಗಿಂತ ಗಟ್ಟಿಯಾಗಿ ಕೂರುತ್ತದೆ. ಒಳಮೈ ಹೊರಗೆ ಮಾಡಿ, ಕಡಿಮೆ ಪುಡಿಯಲ್ಲಿ ಒಗೆಯಿರಿ. ಬಟ್ಟೆ ಮೃದುವಾಗಲೆಂದು ಹಾಕುವ ಕಂಡೀಷನರ್ ಬೇಡವೇ ಬೇಡ, ನೂಲಿನ ಮೇಲೆ ಪದರ ಕಟ್ಟಿ ಬೆವರನ್ನು ಮೈಯಿಂದ ಹೊರಮೈಗೆ ಸಾಗಿಸುವ ಗುಣವನ್ನೇ ಕೊಲ್ಲುತ್ತದೆ.

ತೋಟಕ್ಕಂತೂ ಹಾಕಬೇಡಿ. ಪೊನ್ನಂಪೇಟೆ ಹತ್ತಿರದ ಮಾವನ ತೋಟಕ್ಕೆ ರೊಬಸ್ಟಾ ಕಾಫಿ ಕೊಯ್ಲಿನ ಹೊತ್ತಿಗೆ ಒಮ್ಮೆ ಇದನ್ನೇ ಹಾಕಿಕೊಂಡು ಹೋಗಿದ್ದೆ. ಬೇಲಿ ಬದಿಯ ಉತ್ತರಾಣಿ ಕಾಯಿ ಮೊಣಕಾಲಿನವರೆಗೆ ಸಾಲಾಗಿ ಕಚ್ಚಿಕೊಂಡವು. ಒಂದೊಂದೇ ಕೀಳುವಾಗ ಪ್ರತಿಯೊಂದರ ಜೊತೆ ಒಂದು ಎಳೆ ಕೂದಲಿನಷ್ಟು ಮೇಲೆದ್ದಿತು. ಎಡಗಾಲಿನಲ್ಲಿ ಲಂಟಾನ ಮುಳ್ಳು ಗೀರಿದ ಒಂದು ಗೆರೆ ಈಗಲೂ ಹೊಳೆಯುತ್ತದೆ. ಮಳೆಗಾಲದಲ್ಲಿ ಜಿಗಣೆಗೂ ಇದು ತಡೆಯಲ್ಲ. ಕಣಕಾಲಿನ ಪಟ್ಟಿ ಬಿಗಿಯಾಗಿದ್ದರೂ ಸಾಕ್ಸಿಗೂ ಅದಕ್ಕೂ ನಡುವೆ ಒಂದು ಬೆರಳು ಜಾಗ ಸಿಕ್ಕರೆ ಅವಕ್ಕೆ ಸಾಕು. ತಡಿಯಂಡಮೋಳ್ ಬೆಟ್ಟ ಹತ್ತುವವರು ದಪ್ಪ ನೇಯ್ಗೆಯ ಜಿಗಣೆ ಸಾಕ್ಸನ್ನೇ ಮೇಲೆ ಹಾಕಿಕೊಳ್ಳಿ.

ಡಿಸೆಂಬರ್, ಜನವರಿಯ ಬೆಳಗಿನ ಚಳಿಗೆ ತೆಳುವಾಯಿತು, ಒಳಗೊಂದು ಲೆಗ್ಗಿಂಗ್ಸ್ ಬೇಕು.

ಹೊಸದಾಗಿ ಕೊಳ್ಳುವವರು ತೆರಿಗೆಯನ್ನೂ ಗಮನಿಸಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ. 5, ಅದನ್ನು ದಾಟಿದರೆ ಶೇ. 18. ಅಂದರೆ ಆ ಗೆರೆಯ ಸ್ವಲ್ಪ ಮೇಲಿರುವ ಜಾಗರ್ಸ್‌ಗೆ ಕೊಡುವ ಹೆಚ್ಚಿನ ಹಣದ ಒಳ್ಳೆಯ ಪಾಲು ಬಟ್ಟೆಗಲ್ಲ, ತೆರಿಗೆಗೆ ಹೋಗುತ್ತದೆ. ನಾನು ಮುಂದಿನ ಮೇ ತಿಂಗಳೊಳಗೆ ಇನ್ನೊಂದು ತೆಗೆದುಕೊಳ್ಳುವವಳೇ, ಆದರೆ 2,500ರ ಒಳಗೆ, ಒಂದೇ ಒಂದು, ಮತ್ತು ಗಾಢ ಬಣ್ಣದ್ದು. ಮಡಿಕೇರಿಯ ಕೆಂಪು ಕೆಸರು ಸ್ಕೂಟರ್ ಚಕ್ರದಿಂದ ಹಾರಿ ಹಿಂಗಾಲಿಗೆ ಬಡಿಯುವುದನ್ನು ತಿಳಿ ಬೂದು ಬಣ್ಣ ಮುಚ್ಚಿಡುವುದಿಲ್ಲ. ಸೊಂಟ ಸುರುಟಿದ ಹಳೆಯದು ಈಗ ಮನೆಯೊಳಗಿನ ಕೆಲಸಕ್ಕೆ. ಜಿಪ್ ಎರಡೂ ಇನ್ನೂ ಸಲೀಸಾಗಿ ಓಡುತ್ತಿವೆ.