ಕಬಡ್ಡಿ ಗೇಮಿಗೆ ಮೋಕ್ಯಾಪ್ ಸೂಟಾ, ಎಐ ವಿಡಿಯೋನಾ, ಕೈಯಲ್ಲೇ ಅನಿಮೇಷನ್ನಾ?

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಕೈಯಲ್ಲಿ ಮಾಡೋ ಅನಿಮೇಷನ್‌ಗೆ. ಫೋನಲ್ಲಿ ಒಂದು ವಿಡಿಯೋ ತೆಗೆಯೋದು, ಅದನ್ನ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಪಕ್ಕದಲ್ಲಿ ಇಟ್ಕೊಳ್ಳೋದು, ನೋಡ್ಕೊಂಡು ನೋಡ್ಕೊಂಡು ಪೋಸ್ ಕೂರಿಸ್ತಾ ಹೋಗೋದು, ಅಷ್ಟೆ. ಮೋಕ್ಯಾಪ್ ಅಂದ್ರೆ ಮೋಷನ್ ಕ್ಯಾಪ್ಚರ್, ನಿಜವಾದ ಮನುಷ್ಯನ ಚಲನೆ ರೆಕಾರ್ಡ್ ಮಾಡಿ ಗೇಮಿನ ಬೊಂಬೆಗೆ ಹಾಕೋದು. ಅದರ ಸೂಟ್ ಬಾಡಿಗೆಗೆ ತಂದು, ಫೋನ್ ವಿಡಿಯೋನ ಅದರಿಂದಲೇ ಚಲನೆ ತೆಗೆಯೋ ಎಐ ಸರ್ವೀಸ್‌ಗೆ ಅಪ್ಲೋಡ್ ಮಾಡಿ, ರೆಡಿಮೇಡ್ ಚಲನೆಗಳ ಲೈಬ್ರರಿ ಇಳಿಸ್ಕೊಂಡು ಎಲ್ಲಾ ನೋಡಿದ ಮೇಲೇ ಈ ಮಾತು ಹೇಳ್ತಿರೋದು. ಮೋಕ್ಯಾಪ್ ದಂಡ ಅಂತಲ್ಲ, ನನ್ನ ಗೇಮಲ್ಲೂ ಅದಕ್ಕೊಂದು ಜಾಗ ಇದೆ, ಅದು ಯಾವ ಜಾಗ ಅಂತ ಕೊನೆಗೆ ಹೇಳ್ತೀನಿ.

ಗೇಮ್ ಬಗ್ಗೆ ಸ್ವಲ್ಪ ಗೊತ್ತಿದ್ರೆ ಉಳಿದಿದ್ದು ಅರ್ಥ ಆಗುತ್ತೆ. ಸಣ್ಣ ಕಬಡ್ಡಿ ಗೇಮ್, ಗೋಡೋ ಇಂಜಿನ್‌ನಲ್ಲಿ. ನೀವು ರೈಡರ್, ಎದುರಿಗೆ ಏಳು ಜನ ಡಿಫೆಂಡರ್ಸ್, 30 ಸೆಕೆಂಡ್ ಒಳಗೆ ಮುಟ್ಟಿ ವಾಪಸ್ ಬರ್ಬೇಕು. ಮಾಡ್ತಿರೋನು ನಾನೊಬ್ಬನೇ, ಅದೂ ಆಫೀಸ್ ಮುಗಿಸಿ ಊಟ ಆದ್ಮೇಲೆ. ಕ್ಯಾರೆಕ್ಟರ್‌ಗಳು ಕಾರ್ಟೂನ್ ಥರ, ತಲೆ ದೊಡ್ಡದು, ಕಾಲು ಗಿಡ್ಡ. ಈ ಗಿಡ್ಡ ಕಾಲು ಮುಂದೆ ತೊಂದ್ರೆ ಕೊಡುತ್ತೆ, ನೆನಪಿಟ್ಕೊಳ್ಳಿ.

ಸೂಟ್ ವಿಷಯಕ್ಕೆ ಬರೋಣ. ಮೋಕ್ಯಾಪ್ ಅಂದ್ರೆ ಎಲ್ಲರಿಗೂ ಕಣ್ಮುಂದೆ ಬರೋದು ಕಪ್ಪು ಬಟ್ಟೆ ಮೇಲೆ ಹೊಳೆಯೋ ಗುಂಡುಗಳನ್ನ ಅಂಟಿಸ್ಕೊಂಡಿರೋ ನಟ, ಸುತ್ತ ಇನ್‌ಫ್ರಾರೆಡ್ ಕ್ಯಾಮೆರಾಗಳು. ಅದು ಆಪ್ಟಿಕಲ್, ವೈಕಾನ್, ಆಪ್ಟಿಟ್ರ್ಯಾಕ್ ಅಂತೆಲ್ಲ ಕಂಪನಿ ಹೆಸರು ಕೇಳಿರ್ತೀರಲ್ಲ, ಆ ಜಾತಿ. ನನ್ನ ಬಜೆಟ್ ಅದರ ಗೇಟ್ ಹತ್ರಾನೂ ಹೋಗಲ್ಲ. ನಾನು ತಂದಿದ್ದು ಇನರ್ಷಿಯಲ್ ಸೂಟ್, ಕ್ಯಾಮೆರಾನೇ ಬೇಡ, ಮೈ ಮೇಲೆ ಸಣ್ಣ ಸಣ್ಣ ಸೆನ್ಸರ್ ಕಟ್ಕೊಂಡು ವೈಫೈನಲ್ಲಿ ಲ್ಯಾಪ್‌ಟಾಪ್‌ಗೆ ಕಳಿಸೋದು. ಈ ಥರದ್ರಲ್ಲಿ ಸಾಮಾನ್ಯವಾಗಿ 17ರಿಂದ 19 ಸೆನ್ಸರ್ ಇರುತ್ವೆ. ಕೊಳ್ಳೋಕೆ ಹೋದ್ರೆ ಲಕ್ಷಗಳಲ್ಲಿ ಮಾತು, ಅದಕ್ಕೇ ಬಾಡಿಗೆ, ಮೇಲೆ ದೊಡ್ಡ ಡೆಪಾಸಿಟ್ ಬೇರೆ. ಯಾವ ಕಂಪನಿದು ಅಂತ ಕೇಳ್ಬೇಡಿ, ನಾನು ಹೇಳೋ ತೊಂದ್ರೆ ಒಂದು ಕಂಪನಿದಲ್ಲ, ಈ ಜಾತಿ ಸೂಟಿಗೇ ಅಂಟಿದ್ದು.

ಸೂಟ್ ಹಾಕ್ಕೊಂಡಿದ್ದು ನಮ್ಮ ದೊಡ್ಡಪ್ಪನ ಮಗ, ನನಗೆ ತಮ್ಮ ಆಗ್ಬೇಕು, ತಾಲೂಕು ಟೀಮಲ್ಲಿ ರೈಡರ್. ಊರಿನ ಸಮುದಾಯ ಭವನದಲ್ಲಿ ಮ್ಯಾಟ್ ಹಾಸಿ ಶುರು ಮಾಡಿದ್ವಿ. ಮೊದಲು ಸುಮ್ನೆ ನಡೆಸ್ದೆ, ಸ್ಕ್ರೀನಲ್ಲಿ ಬೊಂಬೆ ಅವನ ಹಾಗೇ ಭುಜ ಅಲ್ಲಾಡಿಸ್ಕೊಂಡು ನಡೀತು, ಇಬ್ರೂ ಕೂಗಿಬಿಟ್ವಿ. ಅವನ ನಡಿಗೆ ನೂರು ಜನರಲ್ಲಿ ಗುರುತು ಹಿಡೀಬಹುದು, ಅದು ಹಾಗ್ ಹಾಗೇ ಬಂದಿತ್ತು. ಕೈಯಲ್ಲಿ ನಾನು ಎಷ್ಟು ತಿಣುಕಿದ್ರೂ ಅದು ಬರಲ್ಲ, ಅದನ್ನ ಒಪ್ಕೊಳ್ಳಲೇಬೇಕು.

ಆಮೇಲೆ ಶುರುವಾಯ್ತು ಕಾಲಿನ ಕಥೆ. ಅವನು ನೇರ ನಿಂತಿದಾನೆ, ಸ್ಕ್ರೀನಲ್ಲಿ ಎಡಪಾದ ನಿಧಾನಕ್ಕೆ ಒಳಗಡೆಗೆ ತಿರುಗ್ತಾ ಇದೆ. ಕ್ಯಾಲಿಬ್ರೇಟ್ ಮಾಡೋದು, ಅಂದ್ರೆ ಕೈ ಚಾಚಿ ಅಲ್ಲಾಡ್ದೆ ನಿಲ್ಲೋದು, ಎರಡು ಹೆಜ್ಜೆ ಹೋಗಿ ಬರೋದು, ಸರಿಯಾಯ್ತು ಅಂದ್ಕೊಂಡು ಒಂದು ರೈಡ್ ಮಾಡ್ಸಿದ್ರೆ ಮತ್ತೆ ಪಾದ ಸೊಟ್ಟ. ಸ್ವಲ್ಪ ಹೊತ್ತು ಬಿಟ್ರೆ ಎರಡೂ ಮೊಣಕಾಲು ಒಂದರೊಳಗೊಂದು ತೂರ್ಕೊಂಡು ನಿಂತಿರುತ್ತೆ. "ಅಣ್ಣಾ, ಇನ್ನೊಂದ್ ಸಲ ಕೈ ಚಾಚ್ಕೊಂಡ್ ನಿಂತ್ಕೊ ಅಂದ್ರೆ ನಾನ್ ಮನೆಗ್ ಹೋಗ್ತೀನಿ" ಅಂತ ಅವನು.

ಯಾಕೆ ಹೀಗಾಗುತ್ತೆ ಅಂದ್ರೆ, ಈ ಸೆನ್ಸರ್ ಒಳಗಿರೋ ಜೈರೋ ಎಷ್ಟು ವೇಗವಾಗಿ ತಿರುಗ್ತಿದೆ ಅನ್ನೋದನ್ನಷ್ಟೇ ಅಳೆಯೋದು. ಅದನ್ನ ಕೂಡಿಸ್ತಾ ಕೂಡಿಸ್ತಾ ಹೋಗಿ ಯಾವ ಕಡೆ ತಿರುಗಿದೆ ಅಂತ ಲೆಕ್ಕ ಹಾಕ್ಬೇಕು, ಕೂಡಿಸೋವಾಗ ಸಣ್ಣ ಸಣ್ಣ ತಪ್ಪೂ ಕೂಡ್ಕೊಂಡೇ ಹೋಗುತ್ತೆ. ಬಗ್ಗಿದ್ದು, ವಾಲಿದ್ದು ಸರಿ ಮಾಡೋಕೆ ಗುರುತ್ವ ಇದೆ, ಆಕ್ಸೆಲರೋಮೀಟರ್ ನೋಡ್ಕೊಳ್ಳುತ್ತೆ, ಆದ್ರೆ ಮುಖ ಯಾವ ದಿಕ್ಕಿಗಿದೆ ಅಂತ ಗುರುತ್ವಕ್ಕೆ ಗೊತ್ತಾಗಲ್ಲ. ಅದಕ್ಕೆ ಮ್ಯಾಗ್ನೆಟೋಮೀಟರ್, ಅಂದ್ರೆ ದಿಕ್ಸೂಚಿ. ಸಮುದಾಯ ಭವನದ ನೆಲ ಆರ್‌ಸಿಸಿ, ಒಳಗೆಲ್ಲ ಕಬ್ಬಿಣದ ರಾಡು, ಗೋಡೆ ಬದಿಗೆ ಕಬ್ಬಿಣದ ಕುರ್ಚಿ ಪೇರಿಸಿಟ್ಟಿದಾರೆ. ಉತ್ತರ ಯಾವ ಕಡೆ ಅಂತ ಕೇಳಿದ್ರೆ ಪಾದದ ಸೆನ್ಸರ್ ಒಂದು ಕಡೆ ತೋರ್ಸುತ್ತೆ, ಸೊಂಟದ್ದು ಇನ್ನೊಂದು ಕಡೆ. ನೆಲಕ್ಕೆ ಹತ್ತಿರ ಇರೋದು ಪಾದ ತಾನೆ, ಏಟು ಬೀಳೋದು ಅದಕ್ಕೇ. ನಡೆಯೋ ಓಡೋ ಗೇಮಾದ್ರೆ ಹೇಗೋ ತಡ್ಕೋಬಹುದೇನೋ, ಕಬಡ್ಡಿ ಇರೋದೇ ನೆಲದ ಹತ್ರ, ಬಗ್ಗಿ ಕೈ ಚಾಚೋದು, ಟೋ ಟಚ್‌ಗೆ ಕಾಲು ನೆಲದ ಮಟ್ಟಕ್ಕೆ ಚಾಚೋದು, ಡುಬ್ಕಿ ಹೊಡೆಯೋವಾಗ, ಅಂದ್ರೆ ಡಿಫೆಂಡರ್‌ಗಳ ಕೈ ಕೆಳಗೆ ನುಸುಳೋವಾಗ, ಪೂರ್ತಿ ಮೈಯೇ ಕೆಳಗೆ.

ಸರಿ ಅಂತ ಊರಾಚೆ ಮಣ್ಣಿನ ಅಂಕಣಕ್ಕೆ ಹೋದ್ವಿ, ರೂಟರ್‌ಗೆ ಪವರ್ ಬ್ಯಾಂಕ್ ಕಟ್ಕೊಂಡು, ಲ್ಯಾಪ್‌ಟಾಪ್ ಸ್ಕ್ರೀನ್ ಕಾಣ್ಲಿ ಅಂತ ಕೊಡೆ ಹಿಡ್ಕೊಂಡು. ಪಾದ ಸೊಟ್ಟ ಆಗೋದು ಬಹುಪಾಲು ನಿಂತೇಹೋಯ್ತು. ಅಷ್ಟಕ್ಕೇ ಮುಗೀತು ಅಂದ್ಕೊಳ್ಳೋ ಹಾಗಿಲ್ಲ, ಯಾಕಂದ್ರೆ ಈ ಸೂಟಿಗೆ ಆಟಗಾರ ಎಲ್ಲಿದಾನೆ ಅಂತಾನೇ ಗೊತ್ತಿಲ್ಲ, ಕೈಕಾಲು ಯಾವ ಕೋನದಲ್ಲಿದೆ ಅಂತ ಮಾತ್ರ ಗೊತ್ತು. ಯಾವುದಾದ್ರೂ ಒಂದು ಪಾದ ನೆಲದ ಮೇಲೆ ಊರಿದೆ ಅಂತ ಇಟ್ಕೊಂಡು ಅಲ್ಲಿಂದ ಲೆಕ್ಕ ಹಾಕುತ್ತೆ. ಎರಡೂ ಪಾದ ಎದ್ದು ಸೊಂಟದ ಮೇಲೆ ಬಿದ್ದು ನಾಲ್ಕು ಜನದ ಕೆಳಗೆ ಸಿಕ್ಕಿದ್ರೆ ಲೆಕ್ಕವೆಲ್ಲ ಏರುಪೇರು, ಬೊಂಬೆ ಗಾಳಿಯಲ್ಲಿ ಮಲಗಿರುತ್ತೆ.

ಇನ್ನೊಂದು ತಮಾಷೆ ಕೇಳಿ. ಆಂಕಲ್ ಹೋಲ್ಡ್ ಮಾಡಿದ್ರೆ ಡಿಫೆಂಡರ್ ಕೈ ಸೀದಾ ಬೀಳೋದು ಕಾಲಿನ ಸೆನ್ಸರ್ ಪಟ್ಟಿ ಮೇಲೇ. ಪಟ್ಟಿ ಜಾರಿದ್ರೆ ಮತ್ತೆ ಕೈ ಚಾಚ್ಕೊಂಡು ನಿಲ್ಬೇಕು, ಸೆನ್ಸರ್ ಕಿತ್ಕೊಂಡು ಬಂದ್ರೆ ಡೆಪಾಸಿಟ್ ಹೋಯ್ತು. "ಸ್ವಲ್ಪ ಮೆತ್ತಗ್ ಹಿಡ್ಕೊಳ್ರಪ್ಪಾ" ಅಂತ ನಾನೇ ಬೇಡ್ಕೊಂಡೆ, ಅವರೂ ಪಾಪ ಮೆತ್ತಗೇ ಹಿಡಿದ್ರು, ರೆಕಾರ್ಡ್ ಆಗಿದ್ದೂ ಮೆತ್ತಗಿನ ಹಿಡಿತಾನೇ. ಮೋಕ್ಯಾಪ್ ನಿಜವಾದ ಚಲನೆ ಕೊಡುತ್ತೆ ಅಂತಾರಲ್ಲ, ಆಡಿದ್ದು ನಿಜ ಆಗಿದ್ರೆ ತಾನೆ. ಅದೂ ಒಂದೇ ಸೂಟು, ಹಿಡಿಯೋನದು ಬೇರೆ ಸಲ, ಸಿಕ್ಕಿಬೀಳೋನದು ಬೇರೆ ಸಲ ರೆಕಾರ್ಡ್ ಮಾಡಿ ಆಮೇಲೆ ಜೋಡಿಸ್ಬೇಕು. ಫಿಫಾ 22 ಅನ್ನೋ ಫುಟ್‌ಬಾಲ್ ಗೇಮಿಗೆ ಏನು ಮಾಡಿದ್ರು ಗೊತ್ತಾ, 22 ಜನ ಫುಟ್‌ಬಾಲ್ ಆಟಗಾರರಿಗೂ ಎಕ್ಸ್‌ಸೆನ್ಸ್ ಕಂಪನಿಯ ಇದೇ ಜಾತಿ ಸೂಟ್ ತೊಡಿಸಿ ಪೂರ್ತಿ ಮ್ಯಾಚೇ ಆಡಿಸಿ ಹಿಡಿದ್ರು. ಮೈಗೆ ಮೈ ತಾಗೋ ಆಟಕ್ಕೆ ಮೋಕ್ಯಾಪ್ ಮಾಡ್ಬೇಕು ಅಂದ್ರೆ ಸರಿಯಾದ ದಾರಿ ಅದು. ದುಡ್ಡಿರೋರ ದಾರಿ.

ಕ್ಲೀನಪ್ ಬಗ್ಗೆ ಯಾರೂ ಮೊದಲೇ ಹೇಳಲ್ಲ. ಸೂಟಿಂದ ಬರೋ ಫೈಲಲ್ಲಿ ಪ್ರತಿ ಫ್ರೇಮಿಗೂ ಬೊಂಬೆಯ ಪ್ರತಿ ಮೂಳೆಗೂ ಒಂದೊಂದು ಕೀ, ಅಂದ್ರೆ ಅದು ಎಲ್ಲಿರ್ಬೇಕು ಅನ್ನೋ ಗುರುತು, ಇರುತ್ತೆ. ಕೈ ಒಂಚೂರು ಮೇಲಿರ್ಲಿ ಅಂತ ಒಂದು ಕಡೆ ಎತ್ತಿದ್ರೆ ಮುಂದಿನ ಫ್ರೇಮಲ್ಲಿ ಧಡಕ್ಕಂತ ಕೆಳಗೆ ಬರುತ್ತೆ, ಕಂಬಳಿಯಲ್ಲಿ ಒಂದು ಎಳೆ ಎಳೆದ ಹಾಗೆ. ಕೀ ಕಮ್ಮಿ ಮಾಡೋ ಡೆಸಿಮೇಟ್ ಇದೆ, ಮೇಲೊಂದು ಲೇಯರ್ ಹಾಕಿ ತಿದ್ದಬಹುದು, ಪಾದ ಜಾರದ ಹಾಗೆ ಐಕೆ (ಪಾದ ಒಂದು ಕಡೆ ಇಟ್ರೆ ಮೊಣಕಾಲು ತಾನೇ ಹೊಂದ್ಕೊಳ್ಳೋ ವ್ಯವಸ್ಥೆ) ಹಾಕಿ ಕಟ್ಟಬಹುದು, ಎಲ್ಲಾ ಮಾಡ್ದೆ. ಮೇಲೆ ಆ ಗಿಡ್ಡ ಕಾಲು. ಮನುಷ್ಯನ ಅಳತೆಯ ಚಲನೆ ನನ್ನ ಕಾರ್ಟೂನ್ ರೈಡರ್‌ಗೆ ರೀಟಾರ್ಗೆಟ್ ಮಾಡಿದ್ರೆ, ಅಂದ್ರೆ ಅವನ ಮೈಗೆ ಹೊಂದಿಸಿದ್ರೆ, ಟೋ ಟಚ್ ಡಿಫೆಂಡರ್‌ವರೆಗೂ ಹೋಗೋದೇ ಇಲ್ಲ, ಅರ್ಧಕ್ಕೇ ನಿಲ್ಲುತ್ತೆ. ಇಷ್ಟೆಲ್ಲ ತಿದ್ದೋ ಹೊತ್ತಿಗೆ ಅದೇ ಮೂವ್‌ನ ಕೈಯಲ್ಲಿ ಮೊದಲಿಂದ ಮಾಡಿ ಮುಗಿಸಿ ಮಲಗಬಹುದಿತ್ತು.

ಎಐ ವಿಡಿಯೋ ಮೋಕ್ಯಾಪ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಅಗ್ಗ, ಸೂಟ್ ಬೇಡ, ವಿಡಿಯೋ ಅಪ್ಲೋಡ್ ಮಾಡಿದ್ರೆ ಸಾಕು. ಆದ್ರೆ ಒಂದೇ ಕ್ಯಾಮೆರಾಗೆ ಆಳ ಗೊತ್ತಾಗಲ್ಲ, ಪಕ್ಕಕ್ಕೆ ತಿರುಗಿ ನಿಂತ್ರೆ ಆಚೆ ಕಾಲು ಎಲ್ಲಿದೆ ಅನ್ನೋದು ಬರೀ ಊಹೆ, ಪಾದ ನೀರ ಮೇಲಿದ್ದಂಗೆ ತೇಲುತ್ತೆ. ಇಬ್ರು ಮೈಗೆ ಮೈ ತಾಗಿದ್ರಂತೂ ಯಾರ ಕೈ ಯಾರಿಗೆ ಸೇರಿದ್ದು ಅಂತ ಅದಕ್ಕೇ ಗೊಂದಲ. ನನಗೆ ಕೆಲಸಕ್ಕೆ ಬಂದಿದ್ದು ಒಂದೇ ಕಡೆ, ರೆಫರಿ. ಅವನು ಕ್ಯಾಮೆರಾಗೆ ಎದುರಾಗಿ ನಿಂತು, ಮೈಯಿಂದ ದೂರಕ್ಕೆ ಕೈ ಎತ್ತಿ ಪಾಯಿಂಟ್ ತೋರಿಸ್ತಾನೆ, ಎಲ್ಲೂ ಓಡಲ್ಲ. ಅವನ ಅಷ್ಟೂ ಸನ್ನೆ ಎಐಯಿಂದಲೇ ಬಂದಿದ್ದು, ಹೆಚ್ಚು ತಿದ್ದೋ ಕೆಲಸಾನೂ ಬೀಳ್ಲಿಲ್ಲ.

ರೆಡಿಮೇಡ್ ಲೈಬ್ರರಿ: ಅಡೋಬಿಯ ಮಿಕ್ಸಾಮೋ ಫ್ರೀ, ಕಮರ್ಷಿಯಲ್ ಗೇಮಲ್ಲೂ ಹಾಕ್ಕೋಬಹುದು. ಕಾರ್ನೆಗಿ ಮೆಲನ್ ಯೂನಿವರ್ಸಿಟಿಯವರ ಮೋಕ್ಯಾಪ್ ಸಂಗ್ರಹಾನೂ ಫ್ರೀ, ಎರಡು ಸಾವಿರಕ್ಕೂ ಹೆಚ್ಚು ರೆಕಾರ್ಡಿಂಗ್ ಇದೆ. ಗ್ಯಾಲರಿಯಲ್ಲಿ ಚಪ್ಪಾಳೆ ಹೊಡೆಯೋ ಜನಕ್ಕೆ ಅಲ್ಲಿಂದಲೇ ತಗೊಂಡೆ. ಡುಬ್ಕಿ ಹುಡುಕೋಕೆ ಹೋಗ್ಬೇಡಿ.

ಈಗ ನನ್ನ ಇಷ್ಟದ ದಾರಿ. ಇದೇನು ಹೊಸದಲ್ಲ. ಪ್ರಿನ್ಸ್ ಆಫ್ ಪರ್ಷಿಯಾ ಆಡಿದ್ದೀರಲ್ಲ, 1989ರದ್ದು, ಅದನ್ನ ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮ ಓಡೋದು ಹಾರೋದು ವಿಡಿಯೋ ತೆಗೆದು ಅದರ ಒಂದೊಂದು ಫ್ರೇಮ್ ನೋಡ್ಕೊಂಡೇ ರಾಜಕುಮಾರನ್ನ ಬರ್ದಿದ್ದು. ನಾನು ಅಷ್ಟು ನಿಷ್ಠೆಯಿಂದ ಕಾಪಿ ಹೊಡೆಯಲ್ಲ. ಎರಡು ಫೋನ್ ಇಡ್ತೀನಿ, ಒಂದು ಎದುರಿಗೆ, ಒಂದು ಪಕ್ಕಕ್ಕೆ, ನಮ್ಮ ತಮ್ಮ ಸೂಟ್ ಇಲ್ದೆ ಲುಂಗಿ ಬಿಚ್ಚಿ ಚಡ್ಡಿಯಲ್ಲಿ ಆರಾಮಾಗಿ ಆಡ್ತಾನೆ, ಡಿಫೆಂಡರ್‌ಗಳು ಯಾವ ಡೆಪಾಸಿಟ್ ಭಯವೂ ಇಲ್ದೆ ಕೆಡವ್ತಾರೆ. ಆ ಕೆಡವೋದ್ರಲ್ಲಿ ಭುಜ ಯಾವಾಗ ಕುಸೀತು, ತಲೆ ಯಾವ ಕಡೆ ಹೋಯ್ತು, ಕೈ ಗೆರೆ ಕಡೆಗೆ ಹೇಗೆ ಚಾಚ್ತು ಅಂತ ನೋಡಿ ಮುಖ್ಯವಾದ ನಾಲ್ಕೈದು ಪೋಸ್ ಎತ್ಕೊಳ್ತೀನಿ. ನಡುವಿನದ್ದು ನನ್ನಿಷ್ಟ.

ಆ "ನನ್ನಿಷ್ಟ" ಅನ್ನೋದ್ರಲ್ಲೇ ಇರೋದು ಗೇಮ್. ಬಟನ್ ಒತ್ತಿದ ತಕ್ಷಣ ಕೈ ಹೋಗ್ಬೇಕು, ಇಲ್ಲಾಂದ್ರೆ ಆಡೋರು ಲ್ಯಾಗ್ ಅಂತಾರೆ. 60 ಎಫ್‌ಪಿಎಸ್, ಅಂದ್ರೆ ಸೆಕೆಂಡಿಗೆ 60 ಫ್ರೇಮ್ ಓಡೋ ಗೇಮಲ್ಲಿ ಒಂದು ಫ್ರೇಮ್ ಅಂದ್ರೆ ಸುಮಾರು 16.7 ಮಿಲಿಸೆಕೆಂಡ್. ನಿಜವಾದ ರೈಡರ್ ಮುನ್ನುಗ್ಗೋಕೆ ಮುಂಚೆ ತೂಕಾನ ಹಿಂದಿನ ಕಾಲಿಗೆ ಹಾಕ್ತಾನೆ, ಮೊಣಕಾಲು ಬಗ್ಗಿಸ್ತಾನೆ, ಆಮೇಲೆ ಚಿಮ್ಮೋದು. ಕಾಲು ಸೆಕೆಂಡ್ ಹಿಡಿದ್ರೂ 15 ಫ್ರೇಮ್ ಹೋಯ್ತಲ್ಲ. ನಮ್ಮ ತಮ್ಮನ ಸೂಟ್ ರೆಕಾರ್ಡಿಂಗ್ ಹಾಗೇ ಹಾಕಿದಾಗ ನೋಡೋಕೆ ಸೊಗಸು, ಆಡೋಕೆ ಹಿಂಸೆ, ರೈಡರ್ ಅಕ್ಕಿಮೂಟೆ ಹೊತ್ಕೊಂಡಿದಾನೇನೋ ಅನ್ಸೋದು. ಶುರುವಿನ ಆ ತಯಾರಿಯನ್ನ ಕತ್ತರಿಸಿದ್ರೆ ಬೇಗ ಹೋಗ್ತಾನೆ, ಆದ್ರೆ ಭಾರಾನೇ ಇರಲ್ಲ, ಮೈ ಅಲ್ಲಿಂದ ಇಲ್ಲಿಗೆ ಹಾರಿದ ಹಾಗೆ ಕಾಣುತ್ತೆ. ಕೈಯಲ್ಲಿ ಮಾಡಿದಾಗ ತಯಾರಿಗೆ ಮೂರೇ ಫ್ರೇಮ್ ಕೊಡ್ತೀನಿ, ಸೀದಾ ಪೂರ್ತಿ ಚಾಚಿದ ಪೋಸ್‌ಗೆ ಹೋಗ್ತೀನಿ, ತೂಕ ಎಲ್ಲಾ ವಾಪಸ್ ಬರೋದ್ರಲ್ಲಿ ತೋರಿಸ್ತೀನಿ, ನಿಧಾನಕ್ಕೆ ಸಮತೋಲನ ಹಿಡ್ಕೊಳ್ಳೋದು, ಕೈ ಒಂದು ಸಲ ನೆಲಕ್ಕೆ ತಾಗಿ ಏಳೋದು. ಇದು ನಿಜ ಅಲ್ಲ, ಯಾವ ಮನುಷ್ಯನೂ ಹೀಗೆ ಚಲಿಸಲ್ಲ, ಆದ್ರೆ ಬಟನ್ ಒತ್ತಿದವರಿಗೆ ತಾನೇ ಮುಟ್ಟಿದ ಹಾಗೆ ಅನ್ಸುತ್ತೆ.

ದೊಡ್ಡ ಸ್ಟುಡಿಯೋಗಳಲ್ಲೂ ಮೋಕ್ಯಾಪ್ ಬಂದ್ಮೇಲೆ ಅನಿಮೇಟರ್‌ಗಳು ಕೂತು ಸಮಯ ಬಿಗಿ ಮಾಡ್ತಾರೆ, ಪೋಸ್ ಚೂಪು ಮಾಡ್ತಾರೆ. ಅವರಿಗೆ ಮೋಕ್ಯಾಪ್ ಬೇಕೇಬೇಕು, ಸಾವಿರಾರು ಅನಿಮೇಷನ್ ಇರುತ್ವೆ, ಗಂಟೆಗಟ್ಟಲೆ ಮಾತಾಡೋ ದೃಶ್ಯ ಇರುತ್ತೆ, ಕೈಯಲ್ಲಿ ಮಾಡ್ತಾ ಕೂತ್ರೆ ಯುಗ ಕಳೆಯುತ್ತೆ. ಕಥೆ ಹೇಳೋ ಗೇಮ್ ಮಾಡ್ತಿದ್ದು, ಇಬ್ರು ನಿಂತು ಮಾತಾಡೋದೇ ಜಾಸ್ತಿ ಇದ್ರೆ ನೀವೂ ಸೂಟ್ ತಗೊಳ್ಳಿ, ನಿಂತು ಮಾತಾಡೋವಾಗ ಮೈ ಮಾಡೋ ಸಣ್ಣಪುಟ್ಟ ಚಡಪಡಿಕೆ ಕೈಗೆ ಸಿಗೋದಲ್ಲ.

ನನ್ನ ಗೇಮಲ್ಲಿ ಸೂಟಿಗೆ ಸಿಕ್ಕ ಜಾಗ ಡಿಫೆಂಡರ್‌ಗಳದ್ದು. ಅವರನ್ನ ಯಾರೂ ಬಟನ್ ಒತ್ತಿ ಆಡಿಸಲ್ಲ, ಕಂಪ್ಯೂಟರೇ ಆಡಿಸೋದು. ಅವರು ಹಿಡಿಯೋಕೆ ನುಗ್ಗೋ ಮುಂಚೆ ತೂಕ ಬದಲಾಯಿಸೋ ಆ ಕಾಲು ಸೆಕೆಂಡ್ ಇದೆಯಲ್ಲ, ರೈಡರ್‌ಗೆ ಶಾಪ ಆಗಿದ್ದು, ಇಲ್ಲಿ ವರ ಆಯ್ತು. ಅದನ್ನ ನೋಡಿ "ಓ ಇವನು ಬರ್ತಿದಾನೆ" ಅಂತ ಆಡೋರು ತಪ್ಪಿಸ್ಕೋಬಹುದು, ನಿಜವಾದ ಅಂಕಣದಲ್ಲಿ ರೈಡರ್ ಮಾಡೋದೂ ಅದನ್ನೇ ತಾನೆ. ಕೈ ಕೈ ಹಿಡ್ಕೊಂಡು ಚೈನ್ ಆಗಿ ಅತ್ತಿತ್ತ ಸರಿಯೋ ಹೆಜ್ಜೆ, ಕಾಯ್ತಾ ನಿಂತಿರೋ ಭಂಗಿ, ಇವೆಲ್ಲ ಮಣ್ಣಿನ ಅಂಕಣದಲ್ಲಿ ರೆಕಾರ್ಡ್ ಮಾಡಿದ್ದೇ ಇದೆ, ಸ್ವಲ್ಪ ಪಾದ ಕಟ್ಟಿದ್ದು ಬಿಟ್ರೆ ಏನೂ ಮುಟ್ಟಿಲ್ಲ. ಹಿಡಿತ ಮಾತ್ರ ಎಲ್ಲಾ ಕೈಯದ್ದು.

ರಾತ್ರಿ ಒಂದೆರಡು ಗಂಟೆ ಸಿಗೋ ನನ್ನಂಥವರಿಗೆ ಸೂಟ್ ಬಾಡಿಗೆ ಇನ್ನೊಂದು ಕಾರಣಕ್ಕೂ ಹೊಂದಲ್ಲ. ತಂದ ದಿನವೇ ಎಲ್ಲಾ ಮೂವ್ ಮುಗಿಸ್ಬೇಕು, ಗೇಮ್ ಡಿಸೈನ್ ಆಮೇಲೆ ಬದಲಾದ್ರೆ ಮತ್ತೆ ಬಾಡಿಗೆ, ಮತ್ತೆ ಅಂಕಣ, ಮತ್ತೆ ತಮ್ಮನಿಗೆ ಬಿರಿಯಾನಿ. ಕೈಯಲ್ಲಾದ್ರೆ ರಾತ್ರಿ ಹನ್ನೊಂದಕ್ಕೆ ಹೊಳೆದಿದ್ದನ್ನ ಹನ್ನೆರಡಕ್ಕೆ ಗೇಮಲ್ಲಿ ಹಾಕಿ ಆಡಿ ನೋಡಬಹುದು. ಇನ್ನೊಂದಿಷ್ಟು ದುಡ್ಡು ಕೂಡಿದ್ರೆ ತಗೊಳ್ಳೋದು ಸ್ಲೋ ಮೋಷನ್ ಚೆನ್ನಾಗಿ ಬರೋ ಒಂದು ಸೆಕೆಂಡ್ ಹ್ಯಾಂಡ್ ಫೋನು ಮತ್ತೆ ಅಲ್ಲಾಡ್ದೆ ಇರೋ ಟ್ರೈಪಾಡು, ಈಗಿರೋದು ಡಿಫೆಂಡರ್ ಬಿದ್ದಾಗೆಲ್ಲ ಬೀಳುತ್ತೆ.