ಗಾಜಿನ ಜಾಡಿಯ ಸಿಮ್ಮರ್ ಪಾಟ್ ಮಿಕ್ಸ್: ನನ್ನ ಓಟು ಮುಂಬೈನ ಲಾಲ್‌ಬಾಗ್‌ನ ಚಕ್ಕೆ-ಲವಂಗಕ್ಕೆ

ಮೊದಲೇ ಹೇಳಿಬಿಡುತ್ತೇನೆ. ನೀರಲ್ಲಿ ಕುದಿಸಲು ಒಣ ಮಸಾಲೆ ತುಂಬಿಸಿ ಮಾರುವ ಈ ಜಾಡಿ ನೋಡಲು ತುಂಬಾ ಚೆಂದ, ಪರಿಮಳ ಮಾತ್ರ ಕಡಿಮೆ. ಐದಕ್ಕೆ ಎರಡು ಸ್ಟಾರ್. ಆದರೆ ಒಲೆ ಮೇಲೆ ನೀರಿಟ್ಟು, ಅದಕ್ಕೆ ಚಕ್ಕೆ-ಲವಂಗ ಹಾಕಿ ಮನೆಗೆಲ್ಲ ಪರಿಮಳ ಹಿಡಿಸುವ ಸಿಮ್ಮರ್ ಪಾಟ್ ಪದ್ಧತಿ ಇದೆಯಲ್ಲ, ಅದಕ್ಕೆ ಐದಕ್ಕೆ ಐದು ಕೊಡುತ್ತೇನೆ. ಜಾಡಿ ತಂದು ಬೇಜಾರಾದವರು ಆ ಪದ್ಧತಿಯನ್ನೇ ಬಿಟ್ಟುಬಿಡಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮದು ಮುಂಬೈ ಹತ್ತಿರ ಡೊಂಬಿವಲಿ ಪೂರ್ವದಲ್ಲಿ ಒನ್ ಬಿಎಚ್‌ಕೆ. ಅಡುಗೆಮನೆಗೂ ಹಾಲ್‌ಗೂ ನಡುವೆ ಬಾಗಿಲಿಲ್ಲ. ಮಳೆಗಾಲ ಪೂರ್ತಿ ಬಟ್ಟೆ ಒಳಗೇ ಒಣಗಬೇಕು. ಭಾನುವಾರ ಬಂಗುಡೆ ಹುರಿದರೆ ಸೋಮವಾರವೂ ದಿಂಬಿನಲ್ಲಿ ಅದೇ ವಾಸನೆ. ಕುಂದಾಪುರದ ಮನೆಯಲ್ಲಾದರೆ ಸಂಜೆ ಕೆಂಡಕ್ಕೆ ಒಂದಿಷ್ಟು ಸಾಂಬ್ರಾಣಿ ಹಾಕಿದರೆ ಆಯಿತು. ಇಲ್ಲಿ ಅತ್ತೆಗೆ ಉಬ್ಬಸ, ಅಗರಬತ್ತಿಯ ಹೊಗೆ ಕೂಡ ಆಗುವುದಿಲ್ಲ. ಹೊಗೆ ಇಲ್ಲದ ಏನಾದರೂ ಬೇಕಿತ್ತು. ದಾದರ್‌ನಲ್ಲಿ ಒಂದು ಕರಕುಶಲ ಪ್ರದರ್ಶನದಲ್ಲಿ ಈ ಜಾಡಿ ಸಿಕ್ಕಿತು. 450 ರೂಪಾಯಿ.

ಒಳಗೆ ದುಂಡಗೆ ಕೊಯ್ದು ಒಣಗಿಸಿದ ಕಿತ್ತಳೆ, ಚಕ್ಕೆ, ಲವಂಗ, ಚಕ್ರಮೊಗ್ಗು, ಒಣ ಗುಲಾಬಿ ಎಸಳು. ಜಾಡಿ ಕುತ್ತಿಗೆಗೆ ಸೆಣಬಿನ ದಾರ. ಮುಚ್ಚಳ ತೆಗೆದಾಗ ಘಮ್ ಅಂತ ಬಂತು, ನಿಜ. ಆದರೆ ಒಂದೊಂದನ್ನೇ ತಟ್ಟೆಗೆ ಹಾಕಿ ನೋಡಿದರೆ ಸಂಗತಿ ಬೇರೆ. ಲವಂಗದಲ್ಲಿ ಅರ್ಧಕ್ಕರ್ಧ ಬರೀ ಕಡ್ಡಿ, ತಲೆಯ ಮೊಗ್ಗೇ ಇಲ್ಲ. ಒಳ್ಳೆಯ ಲವಂಗದ ತಲೆ ಕೆಳಗೆ ಉಗುರಿನಿಂದ ಒತ್ತಿದರೆ ಸ್ವಲ್ಪ ಎಣ್ಣೆ ಜಿನುಗಬೇಕು, ಉಗುರು ಮಿನುಗಬೇಕು. ಇದರಲ್ಲಿ ಒತ್ತಿದರೆ ಪುಡಿಯಾಯಿತು. ಲವಂಗದ ಘಾಟು ಇರುವುದೇ ಯೂಜಿನಾಲ್ ಅನ್ನುವ ಆ ಎಣ್ಣೆಯಲ್ಲಿ. ಅದೇ ಆರಿಹೋದ ಮೇಲೆ ನೀರಿಗೆ ಬರುವುದು ಬಣ್ಣ ಮಾತ್ರ.

ಕಿತ್ತಳೆಯದ್ದೂ ಅದೇ ಕಥೆ. ಅದರ ಪರಿಮಳ ತೊಳೆಯಲ್ಲಿಲ್ಲ, ಸಿಪ್ಪೆಯಲ್ಲಿದೆ. ಹಸಿ ಸಿಪ್ಪೆಯನ್ನು ಬೆಳಕಿಗೆ ಹಿಡಿದು ಮಡಚಿ ಒತ್ತಿ ನೋಡಿ, ಸಣ್ಣ ಸಣ್ಣ ಹನಿ ಚಿಮ್ಮುತ್ತವೆ. ಆ ಎಣ್ಣೆಯಲ್ಲಿ 90 ಪರ್ಸೆಂಟಿಗೂ ಜಾಸ್ತಿ ಲಿಮೋನೀನ್. ಅದು ಬೇಗ ಆವಿಯಾಗುವ ವಸ್ತು. ಹಣ್ಣನ್ನು ಗರಿಗರಿ ಆಗುವಷ್ಟು ಒಣಗಿಸಿದರೆ ಎಷ್ಟು ಉಳಿದೀತು? ಗುಲಾಬಿ ಎಸಳಂತೂ ಕುದಿಯುತ್ತಲೇ ಬೆಂದ ಸೊಪ್ಪಿನ ವಾಸನೆ ಬಿಡತೊಡಗಿತು. ಕಾಲು ಗಂಟೆ ಚೆನ್ನಾಗಿತ್ತು, ಆಮೇಲೆ ಮನೆಯಲ್ಲಿ ಬಿಸಿನೀರಿನ ಹಬೆ, ಅಷ್ಟೇ. 450 ರೂಪಾಯಿಗೆ ಇದು ಏನೇನೂ ಸಾಲದು.

ಲಾಲ್‌ಬಾಗ್‌ನ ಮಸಾಲೆ ಗಲ್ಲಿಯ ಅಂಗಡಿಗಳಿಗೆ ನಾನು ಪೂರ್ತಿ ಸ್ಟಾರ್ ಕೊಡುತ್ತೇನೆ. ಸ್ಲೋ ಲೋಕಲ್ ರೈಲಿನಲ್ಲಿ ಕರಿ ರೋಡ್ ಅಥವಾ ಚಿಂಚ್‌ಪೋಕ್ಲಿಯಲ್ಲಿ ಇಳಿದರೆ ನಡೆದೇ ಹೋಗಬಹುದು. ಬೇಸಿಗೆಯಲ್ಲಿ ವರ್ಷದ ಖಾರದಪುಡಿ ಮಾಡಿಸುವವರ ಗದ್ದಲ, ಆಗ ಹೋದರೆ ಮೆಣಸಿನ ಘಾಟಿಗೆ ಬೇರೆ ಯಾವ ವಾಸನೆಯೂ ಗೊತ್ತಾಗುವುದಿಲ್ಲ. ಬೇರೆ ದಿನಗಳಲ್ಲಿ ಮುಟ್ಟಿ, ಮೂಸಿ, ಬೇಕಾದಷ್ಟೇ ತೂಗಿಸಿಕೊಳ್ಳಬಹುದು. ದಪ್ಪ ಸಿಪ್ಪೆಯ, ಗಡುಸಾದ ಕ್ಯಾಸಿಯಾ ಚಕ್ಕೆ ಕೇಳಿ. ಹಾಳೆ ಸುತ್ತಿದ ಹಾಗೆ ತೆಳ್ಳಗಿರುವ ಸಿಲೋನ್ ಚಕ್ಕೆ ಪಾಯಸಕ್ಕೆ ಇರಲಿ, ಅದರ ಪರಿಮಳ ನಯ, ಬೆಲೆಯೂ ಹೆಚ್ಚು. ನೀರಲ್ಲಿ ಬಹಳ ಹೊತ್ತು ತಡೆಯುವುದು ಕ್ಯಾಸಿಯಾನೇ. ಇನ್ನು ಮಜ್ಜಿಗೆಹುಲ್ಲು, ಅಂದರೆ ಲೆಮನ್‌ಗ್ರಾಸ್. ತರಕಾರಿ ಗಾಡಿಯಲ್ಲಿ ಗವತಿ ಚಹಾ ಅಂತ ಕೇಳಿದರೆ ಒಂದು ಕಟ್ಟು ಕೊಡುತ್ತಾರೆ. ಮಳೆಗಾಲಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ನಾನು ಮಾಡುವುದು ಹೀಗೆ. ಸ್ಟೀಲ್ ಪಾತ್ರೆಯಲ್ಲಿ ಒಂದು ಲೀಟರ್ ನೀರು. ಎರಡು ತುಂಡು ಚಕ್ಕೆ, ಎಂಟು ಹತ್ತು ಲವಂಗ ಹಾಕಿ ಕುದಿ ಬರಿಸುತ್ತೇನೆ. ಆಮೇಲೆ ಉರಿ ಪೂರ್ತಿ ಸಣ್ಣದು. ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದರೆ ಸಾಕು. ಕೊತಕೊತ ಕುದಿಸಿದರೆ ಎಣ್ಣೆ ಅಂಶ ಬೇಗ ಹೋಗಿಬಿಡುತ್ತದೆ. ಚಕ್ಕೆ ಬಿಟ್ಟುಕೊಳ್ಳುವುದು ನಿಧಾನ, ಕಿತ್ತಳೆ ಬೇಗ. ಹಾಗಾಗಿ ಒಂದು ಹಣ್ಣಿನ ಹಸಿ ಸಿಪ್ಪೆ, ಗಂಟು ಕಟ್ಟಿದ ಮಜ್ಜಿಗೆಹುಲ್ಲು ಕೊನೆಗೆ. ಚಳಿಗಾಲದಲ್ಲಿ ನಾಗಪುರದ ಕಿತ್ತಳೆ ಬರುವಾಗ ಸಿಪ್ಪೆಗೆ ಬರವಿಲ್ಲ, ಉಳಿದ ದಿನ ನಿಂಬೆ ಸಿಪ್ಪೆ. ನೀರು ಅರ್ಧಕ್ಕೆ ಇಳಿದಾಗ ಬಿಸಿನೀರನ್ನೇ ಸೇರಿಸಬೇಕು. ಅತ್ತೆ ಇದ್ದಾಗ ಚಕ್ಕೆ ಒಂದೇ ತುಂಡು, ಘಾಟು ಜಾಸ್ತಿಯಾದರೆ ಅವರಿಗೆ ಕೆಮ್ಮು ಬರುತ್ತದೆ.

ಜಾಡಿ ಜೊತೆಗಿದ್ದ ಚೀಟಿಯಲ್ಲಿ 'ದಿನವಿಡೀ ಕುದಿಯಲು ಬಿಡಿ' ಅಂತ ಬರೆದಿದ್ದರು. ಇದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ನೀರು ಬತ್ತಿದರೆ ಪಾತ್ರೆ ಸೀಯುತ್ತದೆ, ಬೆಂಕಿಯೂ ಹತ್ತಬಹುದು. ಉಕ್ಕಿ ಉರಿ ಆರಿದರೆ ಗ್ಯಾಸ್ ಸೋರುತ್ತಲೇ ಇರುತ್ತದೆ. ಗ್ಯಾಸಿಗೆ ಸ್ವಂತ ವಾಸನೆ ಇಲ್ಲ, ಸೋರಿದ್ದು ಗೊತ್ತಾಗಲಿ ಅಂತಲೇ ಮರ್ಕ್ಯಾಪ್ಟನ್ ಅನ್ನುವ ದುರ್ವಾಸನೆ ಸೇರಿಸುತ್ತಾರೆ. ಮನೆ ತುಂಬ ಲವಂಗ ಘಮಗುಟ್ಟುವಾಗ ಅದು ಬೇಗ ಮೂಗಿಗೆ ತಾಗದೇ ಹೋಗಬಹುದು ಅಲ್ವಾ? ನಾನು ಅಡುಗೆಮನೆಯಲ್ಲಿ ಕೆಲಸ ಇರುವಷ್ಟು ಹೊತ್ತು ಮಾತ್ರ ಇಡುತ್ತೇನೆ. ಹಾಲು ತರಲು ಕೆಳಗೆ ಇಳಿಯುವುದಾದರೂ ನಾಬ್ ಬಂದ್.

ಇನ್ನೊಂದು ವಿಷಯ. ಇದು ವಾಸನೆಯನ್ನು ಮುಚ್ಚುತ್ತದೆ, ತೆಗೆಯುವುದಿಲ್ಲ. ಮೀನು ಹುರಿದ ಮೇಲೆ ಎಣ್ಣೆ ಸಿಡಿದ ಕಟ್ಟೆ, ಟೈಲ್ಸ್ ಒರೆಸಿ, ಎಕ್ಸಾಸ್ಟ್ ಫ್ಯಾನ್ ಹಾಕಿ, ಆಮೇಲೆ ಪಾತ್ರೆ ಇಡಿ. ಗೋಡೆಗೆ ಬೂಷ್ಟು ಹಿಡಿದಿದ್ದರೆ ಇಡಲೇಬೇಡಿ, ಹಬೆಯಿಂದ ತೇವ ಇನ್ನೂ ಜಾಸ್ತಿಯಾಗುತ್ತದೆ. ಕಿಟಕಿ ಒಂದು ಗೇಣಾದರೂ ತೆರೆದಿರಲಿ.

ಉಳಿದ ನೀರನ್ನು ಚೆಲ್ಲಬೇಡಿ. ಆರಿಸಿ, ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಮಾರನೇ ದಿನಕ್ಕೂ ಆಗುತ್ತದೆ, ಹೊಸ ಸಿಪ್ಪೆ ಹಾಕಿದರಾಯಿತು. ಕುಡಿಯಲು ಮಾತ್ರ ಬೇಡ.

ಯಾರಿಗಾದರೂ ಉಡುಗೊರೆ ಕೊಡಲು ಇಂಥ ಜಾಡಿ ಕೊಳ್ಳುವುದೇ ಆದರೆ, ಅಂಗಡಿಯಲ್ಲೇ ಮುಚ್ಚಳ ತೆಗೆಸಿ ಒಂದು ಲವಂಗ ಒತ್ತಿ ನೋಡಿ. ತೆಗೆಯಲು ಬಿಡದಿದ್ದರೆ ಖಾಲಿ ಜಾಡಿ ತಂದು ನೀವೇ ತುಂಬಿಸಿ ಕೊಡಿ.