ಎಫ್‌ಐ (ಫ್ಯೂಯೆಲ್ ಇಂಜೆಕ್ಷನ್) ಬೈಕಿನ ಟೆಂಪರೇಚರ್ ಸೆನ್ಸರ್ ಚೇಂಜ್ ಮಾಡಿಸುವ ಮೊದ್ಲು ಇದನ್ನೊಮ್ಮೆ ಓದಿ

ಬಿಎಸ್ 6 ಬೈಕ್ ಇರುವವರು, ಅದರಲ್ಲೂ ಪಣಂಬೂರು, ಸುರತ್ಕಲ್, ಮಲ್ಪೆ ಕಡೆ ಉಪ್ಪುಗಾಳಿಯಲ್ಲಿ ಓಡಿಸುವವರು ಸ್ವಲ್ಪ ಜಾಗ್ರತೆ ಮಾರಾಯ್ರೆ. ಇಂಜಿನ್ ಲೈಟ್ ಹತ್ತಿದ ಕೂಡ್ಲೆ "ಸೆನ್ಸರ್ ಹೋಗಿದೆ, ಬೇರೆ ಹಾಕುವ" ಅಂತ ಗ್ಯಾರೇಜಿನವರು ಹೇಳಿದ್ರೆ ಹೂಂ ಅನ್ಬೇಡಿ, ಮೊದ್ಲು ಮಲ್ಟಿಮೀಟರ್ ಇಟ್ಟು ಚೆಕ್ ಮಾಡ್ಲಿಕ್ಕೆ ಹೇಳಿ.

ನನ್ನದು ಲಿಕ್ವಿಡ್ ಕೂಲ್ಡ್ ಬೈಕ್, ಅಂದ್ರೆ ಇಂಜಿನ್ ತಣಿಸ್ಲಿಕ್ಕೆ ಕೂಲಂಟ್ ಅನ್ನುವ ದ್ರವ ಓಡುವಂಥದ್ದು. ಮಳೆಗಾಲದಲ್ಲಿ ಬೆಳಿಗ್ಗೆ ಚಂದ ಸ್ಟಾರ್ಟ್ ಆಗ್ತದೆ, ಆದ್ರೆ ಹೈವೇಯಲ್ಲಿ ಬಂದು ಪಂಪಲ್ಲಿ ನಿಲ್ಸಿ ಪೆಟ್ರೋಲ್ ಹಾಕ್ಸಿ ಮತ್ತೆ ಸೆಲ್ಫ್ ಒತ್ತಿದ್ರೆ ಎಂತ ಮಾಡಿದ್ರೂ ಹಿಡಿಯುದಿಲ್ಲ, ಸೈಲೆನ್ಸರಲ್ಲಿ ಪೆಟ್ರೋಲ್ ವಾಸನೆ, ಪ್ಲಗ್ ಬಿಚ್ಚಿದ್ರೆ ಪೂರ್ತಿ ಮಸಿ, ಮೈಲೇಜ್ ಅಂತೂ ಕೇಳುದೇ ಬೇಡ. ಆಗಾಗ ಲೈಟ್ ಹತ್ತಿ ಆರ್ತಿತ್ತು. ಸ್ಕ್ಯಾನರ್ ಹಾಕಿದಾಗ ಬಂದ ಕೋಡ್ ಟೆಂಪರೇಚರ್ ಸೆನ್ಸರ್ ಸರ್ಕ್ಯೂಟಿಂದು. ಗಮನಿಸಿ, ಸರ್ಕ್ಯೂಟ್. ಅಂದ್ರೆ ಸೆನ್ಸರ್, ವಯರ್, ಕಪ್ಲರ್ (ವಯರನ್ನು ಸೆನ್ಸರಿಗೆ ಸೇರಿಸುವ ಪ್ಲಗ್) ಯಾವುದೂ ಆಗ್ಬಹುದು. ಗ್ಯಾರೇಜಿನವ್ರು ಕಪ್ಲರ್ ಒಳಗೆ ಇಣುಕಿಯೂ ನೋಡ್ಲಿಲ್ಲ.

ಈ ಸೆನ್ಸರಿನ ಕೆಲಸ ಸಿಂಪಲ್, ಇಂಜಿನ್ ಎಷ್ಟು ಬಿಸಿ ಉಂಟು ಅಂತ ಈಸಿಯುಗೆ (ಬೈಕಿನ ಕಂಪ್ಯೂಟರಿಗೆ) ತಿಳಿಸುದು. ಬಿಸಿ ಏರಿದ ಹಾಗೆ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಇರುವ ತಡೆ) ಇಳೀತದೆ, ತುಂಬಾ ಬೈಕಲ್ಲಿ ತಣ್ಣಗಿದ್ದಾಗ ಎರಡು ಮೂರು ಕಿಲೋ ಓಮ್ ಇದ್ರೆ 80 ಡಿಗ್ರಿ ದಾಟಿದ್ಮೇಲೆ ಬರೀ ಕೆಲವು ನೂರು ಓಮ್. ಕಪ್ಲರ್ ಪಿನ್ನಿಗೆ ಕಿಲುಬು ಹಿಡಿದು ಇನ್ನೊಂದು ಸಾವಿರ ಓಮ್ ಸೇರಿಕೊಂಡ್ರೆ ತಣ್ಣಗಿದ್ದಾಗ ಅಷ್ಟು ಗೊತ್ತಾಗುದಿಲ್ಲ, ಬಿಸಿಯಲ್ಲಿ ಲೆಕ್ಕವೇ ತಪ್ತದೆ. ಇಂಜಿನ್ ಕುದೀತಾ ಇದ್ರೂ ಈಸಿಯು ಇನ್ನೂ ತಣ್ಣಗೇ ಉಂಟು ಅಂದ್ಕೊಂಡು ಪೆಟ್ರೋಲ್ ಸುರೀತದೆ. ನನ್ನ ಬೈಕ್ ಬಿಸಿಯಾದಾಗ ಮಾತ್ರ ಹಟ ಮಾಡ್ತಿದ್ದದ್ದು ಅದಕ್ಕೇ.

ಅವ್ರು ಹಾಕಿದ್ದು ಕಂಪೆನಿ ಬಾಕ್ಸೇ ಇಲ್ಲದ, ಪ್ಲಾಸ್ಟಿಕ್ ಕವರಲ್ಲಿದ್ದ ಸೆನ್ಸರ್. ತ್ರೆಡ್ ಒಂದೇ ಅಂತ ಕೂತ್ಕೊಳ್ತದೆ ಬಿಡಿ, ಆದ್ರೆ ಓಮ್ ಲೆಕ್ಕ ಬೇರೆ ಇದ್ರೆ ಎಂತ ಪ್ರಯೋಜನ. ಅದು ಸಾಲದು ಅಂತ ಉದ್ದ ಸ್ಪ್ಯಾನರ್ ಹಾಕಿ ಬಿಗಿದದ್ದಕ್ಕೆ ಅಲ್ಯೂಮಿನಿಯಂ ತ್ರೆಡ್ ಚೂರು ಚೂರಾಗಿ ಸುರುಳಿ ಎದ್ದು ಬಂತು, ಕೂಲಂಟ್ ತೊಟ್ಟಿಕ್ಲಿಕ್ಕೆ ಶುರು. ಕೇಳಿದ್ರೆ "ಮೊದ್ಲೇ ಹಾಗೆ ಇತ್ತು ಸರ್" ಅಂತೆ. ಲೇತಲ್ಲಿ ಹೊಸ ತ್ರೆಡ್ ಕೂರಿಸುವ ಖರ್ಚು ನನ್ನ ತಲೆಗೆ.

ಕೊನೆಗೆ ಉಡುಪಿಯಲ್ಲಿ ಒಬ್ರು ವಯರಿಂಗ್ ಅಣ್ಣ ಕಪ್ಲರ್ ಎಳೆದು ಟಾರ್ಚ್ ಬಿಟ್ಟು ತೋರ್ಸಿದ್ರು, ಒಂದು ಪಿನ್ ಪೂರ್ತಿ ಹಸಿರು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಉಜ್ಜಿ, ಸಡಿಲ ಆಗಿದ್ದ ಟರ್ಮಿನಲ್ ಬಿಗಿ ಮಾಡಿದ್ರು. ಹಳೆ ಸೆನ್ಸರಿನ ತುದಿಯನ್ನು ಬಿಸಿನೀರಲ್ಲಿ ಮುಳುಗಿಸಿ ಮೀಟರ್ ಇಟ್ರೆ ರೀಡಿಂಗ್ ನುಣ್ಣಗೆ ಇಳೀತಾ ಹೋಯ್ತು, ಅದಕ್ಕೆ ಎಂತದೂ ಆಗಿರ್ಲಿಲ್ಲ! ಅದನ್ನೇ ವಾಪಸ್ ಹಾಕಿದ್ರು.

ನಿಜವಾಗಿಯೂ ಹೋಗಿದ್ರೆ ಚೇಂಜ್ ಮಾಡಿಸಿ, ಬೇಡ ಹೇಳುದಿಲ್ಲ. ಆದ್ರೆ ಇಂಜಿನ್ ಪೂರ್ತಿ ತಣಿದ ಮೇಲೆ, ಬಿಸಿ ಕೂಲಂಟ್ ಮುಖಕ್ಕೆ ಹಾರಿದ್ರೆ ಕಥೆಯೇ ಬೇರೆ. ವಾಷರ್ ಹೊಸದು, ಬಿಗಿ ಮ್ಯಾನುವಲಲ್ಲಿ ಕೊಟ್ಟಷ್ಟೇ, ಆಮೇಲೆ ಕೂಲಂಟಿನ ಗಾಳಿ ತೆಗೆಸ್ಲೇಬೇಕು, ಇಲ್ದಿದ್ರೆ ಒಳಗೆ ಗುಳ್ಳೆ ನಿಂತು ಮತ್ತೆ ತಪ್ಪು ರೀಡಿಂಗ್. ಬಿಲ್ಲಲ್ಲಿ ಪಾರ್ಟ್ ನಂಬರ್ ಬರೆಸಿ, ಹಳೆ ಸೆನ್ಸರ್ ಕೇಳಿ ತಗೊಳ್ಳಿ. ನಾನು ಹಳೆದು ತಗೊಂಡಿದ್ದೆ, ಬಿಲ್ ಕೇಳಿದ್ದಕ್ಕೆ ಮಾತ್ರ "ನಾಳೆ ಬನ್ನಿ" ಅಂದವ್ರು ಈಗ ಫೋನೇ ಎತ್ತುದಿಲ್ಲ.